ನಗರಸಭೆಯ ಲೆಕ್ಕ ಯಾರ ಮನೆಯ ಸ್ವತ್ತು?

ಕಂದಾಯ ತಡವಾದರೆ ನಮಗೆ ದಂಡ. ಲೆಕ್ಕ ಕೇಳಿದರೆ ನಮಗೇ ಗದರಿಕೆ! ಮಿಲ್ಲಿನ ಕೂಲಿಕಾರ ಮನೆ ಬಾಡಿಗೆಯೊಳಗೆ ಕಂದಾಯ ತೆರುತ್ತಾನೆ. ಅಂಗಡಿಯವನು ಪರವಾನಗಿಗೆಂದು ತೆರುತ್ತಾನೆ. ಆ ಹಣ ಯಾವ ಚರಂಡಿಗೆ, ಯಾವ ಗುತ್ತಿಗೆದಾರನಿಗೆ ಹೋಯಿತೆಂದು ಕೇಳುವುದು ತಂಟೆಯೇ?

ಅಲ್ಲ, ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಬರಬೇಕು. ಕಡತ ನೋಡಬಹುದು, ಕಾಮಗಾರಿ ಪರೀಕ್ಷಿಸಬಹುದು, ರಸ್ತೆಗೆ ಹಾಕಿದ ಸಾಮಗ್ರಿಯ ಮಾದರಿಯನ್ನೂ ಅಧಿಕಾರಿಯ ದೃಢೀಕರಣದೊಡನೆ ಪಡೆಯಬಹುದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಆಯವ್ಯಯವನ್ನಂತೂ ಯಾರೂ ಕೇಳದಿದ್ದರೂ ಪ್ರಕಟಿಸಲೇಬೇಕು.

ಇದು ದಿಲ್ಲಿಯ ದೊರೆಗಳು ಹಾಕಿದ ಭಿಕ್ಷೆಯಲ್ಲ. 1996ರಲ್ಲಿ ರಾಜಸ್ಥಾನದ ಬ್ಯಾವರ್ ಪಟ್ಟಣದಲ್ಲಿ ರೈತ-ಕೂಲಿಕಾರರು 40 ದಿನ ಧರಣಿ ಕುಳಿತರು. ಪೇಟೆಯ ತರಕಾರಿ ವ್ಯಾಪಾರಿಗಳು ಅವರ ಅಡಿಗೆಗೆ ಕಾಯಿಪಲ್ಲೆ ಕೊಟ್ಟರು. ಅವರು ಕೇಳಿದ್ದು ಇಷ್ಟೆ: ಸರಕಾರಿ ಕಾಮಗಾರಿಯ ಬಿಲ್ಲು, ಹಾಜರಿ ಪಟ್ಟಿಗಳ ನಕಲು ಕೊಡಿ. ಆ ಬಿಸಿಲಿನ ಫಲವೇ ಈ ಕಾಯ್ದೆ.

ಒಬ್ಬ ಅಂಗಡಿಯವನು ಕೇಳಿದರೆ ಅವನ ಪರವಾನಗಿಯ ಮೇಲೆ ಕಣ್ಣು ಬೀಳಬಹುದು. ಆ ಭಯ ನಮಗೂ ಗೊತ್ತು. ಇಡೀ ಬೀದಿಯೇ ಕೇಳಿದರೆ ಯಾರ ಪರವಾನಗಿ ಕಿತ್ತುಕೊಂಡಾರು? ಆದ್ದರಿಂದ ಬಂಧುಗಳೇ, ವಾರ್ಡಿಗೆ ಹತ್ತು ಮಂದಿಯಂತೆ ಅರ್ಜಿ ಹಾಕೋಣ. ಬಂದ ಉತ್ತರವನ್ನು ಮಿಲ್ಲಿನ ಗೇಟಿನ ಮುಂದೆ, ಸಂತೆಯ ನಡುವೆ ಗಟ್ಟಿಯಾಗಿ ಓದೋಣ. ಚರಂಡಿಗೆಂದು ಬರೆದ ಹಣ ಚರಂಡಿಯಲ್ಲೇ ಕಾಣಬೇಕು!