ಅಪರಿಚಿತರಿಗೆ ತೆರೆದ ಪಡಸಾಲೆ: ಕಾಲು ಶತಮಾನದ ಜಮಾಖರ್ಚು

ಗೊತ್ತಿಲ್ಲದ ಊರಿಗೆ ಹೋಗಿ, ಗೊತ್ತಿಲ್ಲದವರ ಮನೆಯಲ್ಲಿ ಬಾಡಿಗೆಯಿಲ್ಲದೆ ಒಂದೆರಡು ರಾತ್ರಿ ತಂಗುವುದು. ಊರಿಗೆ ಮರಳಿದ ಮೇಲೆ ಹಾಗೆಯೇ ಬಂದ ಇನ್ನೊಬ್ಬರಿಗೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸುವುದು. ಇಂಥ ಪ್ರವಾಸಿಗರ ಕೂಟಗಳು ಅಂತರ್ಜಾಲದಲ್ಲಿ ಬೇರುಬಿಟ್ಟು ಕಾಲು ಶತಮಾನವಾಯಿತು. ಜರ್ಮನಿಯ ವೈಟ್ ಕ್ಯೂನೆ 2000ರಲ್ಲಿ ಹಾಸ್ಪಿಟಾಲಿಟಿ ಕ್ಲಬ್ ತೆರೆದರು. 2004ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಕೌಚ್‌ಸರ್ಫಿಂಗ್ ಕೆಲವೇ ವರ್ಷಗಳಲ್ಲಿ ಅದನ್ನು ಹಿಂದಿಕ್ಕಿ ಈ ಇಡೀ ಪದ್ಧತಿಗೇ ತನ್ನ ಹೆಸರು ಅಂಟಿಸಿತು. ಈಗ ಹಿಂತಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಉಳಿಯಲು ಬಂದವರೂ ಉಳಿಸಿಕೊಂಡವರೂ ಬಹುಮಟ್ಟಿಗೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎಡವಿದ್ದು ಅವರಿಬ್ಬರ ನಡುವೆ ನಿಂತು ನಂಬಿಕೆಯ ಲೆಕ್ಕಪುಸ್ತಕ ಹಿಡಿದಿದ್ದ ಸಂಸ್ಥೆ.

ಈ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. ಎರಡನೆಯ ಮಹಾಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ, 1949ರಲ್ಲಿ, ಅಮೆರಿಕದ ಶಾಂತಿವಾದಿ ಬಾಬ್ ಲ್ಯೂಟ್‌ವೈಲರ್ ಮತ್ತು ಗೆಳೆಯರು ಡೆನ್ಮಾರ್ಕಿನಲ್ಲಿ ಕಟ್ಟಿದ ಬಳಗ ಮುಂದೆ ಸರ್ವಾಸ್ ಎಂದು ಹೆಸರಾಯಿತು. ಬೇರೆ ದೇಶದವರ ಮನೆಯಲ್ಲಿ ಉಂಡು ಮಲಗಿದವನು ಆ ದೇಶದ ಮೇಲೆ ಬಂದೂಕು ಎತ್ತಲು ಹಿಂಜರಿಯುತ್ತಾನೆ ಎಂಬುದು ಅವರ ಸರಳ ನಂಬಿಕೆ. ಸೇರಬೇಕಾದರೆ ಸ್ಥಳೀಯ ಪ್ರತಿನಿಧಿಯ ಎದುರು ಕೂತು ಸಂದರ್ಶನ ಕೊಡಬೇಕು, ಪರಿಚಯಪತ್ರ ಪಡೆಯಬೇಕು. ಆಯಾ ದೇಶದ ಆತಿಥೇಯರ ಪಟ್ಟಿ ಪುಸ್ತಿಕೆಯಾಗಿ ಸಿಗುತ್ತಿತ್ತು. ಸಾಮಾನ್ಯವಾಗಿ ಎರಡು ರಾತ್ರಿ ಉಳಿಯಬಹುದಿತ್ತು. ಎಸ್ಪೆರಾಂಟೊ ಮಾತಾಡುವವರು 1974ರಿಂದ ಪಾಸ್‌ಪೋರ್ಟಾ ಸೆರ್ವೊ ಎಂಬ ಇಂಥದೇ ಪಟ್ಟಿ ಅಚ್ಚುಹಾಕಿದರು. ಸೈಕಲ್ ಯಾತ್ರಿಕರಿಗಾಗಿ 1993ರಲ್ಲಿ ವಾರ್ಮ್ ಶವರ್ಸ್ ಬಂತು. ದಿನವಿಡೀ ಪೆಡಲ್ ತುಳಿದು ಬಂದವನಿಗೆ ಬೇಕಾದದ್ದು ಬಿಸಿನೀರು ಎಂದು ಅದರ ಹೆಸರೇ ಹೇಳುತ್ತದೆ.

ನಮಗೆ ಹತ್ತಿರದ ಕಥೆಯೂ ಒಂದಿದೆ. ಅಣ್ವಸ್ತ್ರ ವಿರೋಧಿಸಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ 1962ರಲ್ಲಿ ದೆಹಲಿಯ ರಾಜಘಾಟಿನಿಂದ ನಡೆಯತೊಡಗಿ ಮಾಸ್ಕೊ, ಪ್ಯಾರಿಸ್, ಲಂಡನ್‌ಗಳನ್ನು ಹಾಯ್ದು, ಕಡಲು ದಾಟಿ ವಾಷಿಂಗ್ಟನ್ ತಲುಪಿದರು. ಯೋಚನೆ ಹೊಳೆದದ್ದು ಬೆಂಗಳೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದಾಗ ಎಂದು ಸತೀಶ್ ಕುಮಾರ್ ಹೇಳಿಕೊಂಡಿದ್ದಾರೆ. ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿ ಎಂದವರು ವಿನೋಬಾ. ಹಣವಿದ್ದವನು ಸಂಜೆ ವಸತಿಗೃಹ ಹುಡುಕುತ್ತಾನೆ, ಇಲ್ಲದವನು ಮನುಷ್ಯರನ್ನು ಹುಡುಕಬೇಕಾಗುತ್ತದೆ. ಮುಂದೆ ಅಂತರ್ಜಾಲದ ಕೂಟಗಳು ಬೆಳೆದದ್ದೂ ಇದೇ ತಿಳಿವಿನ ಮೇಲೆ.

ಹಾಗಾದರೆ ಜಾಲತಾಣ ಹೊಸದಾಗಿ ಸೇರಿಸಿದ್ದೇನು? 1999ರಲ್ಲಿ ಬಾಸ್ಟನ್‌ನಿಂದ ಐಸ್‌ಲೆಂಡಿಗೆ ಅಗ್ಗದ ವಿಮಾನ ಟಿಕೆಟ್ ಸಿಕ್ಕ ಕೇಸಿ ಫೆಂಟನ್, ಅಲ್ಲಿನ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ಇಮೇಲ್ ಕಳಿಸಿ ಉಳಿಯಲು ಜಾಗ ಕೇಳಿದರು. ಬಂದ ಉತ್ತರಗಳೇ ಕೌಚ್‌ಸರ್ಫಿಂಗ್‌ಗೆ ಬೀಜ. ಸರ್ವಾಸ್‌ನ ಸಂದರ್ಶನದ ಜಾಗಕ್ಕೆ ಇಲ್ಲಿ ಬಂದದ್ದು ರೆಫರೆನ್ಸ್. ಉಳಿದವರು ಉಳಿಸಿಕೊಂಡವರ ಬಗ್ಗೆ, ಉಳಿಸಿಕೊಂಡವರು ಉಳಿದವರ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ, ಅದನ್ನು ಯಾರು ಬೇಕಾದರೂ ಓದಬಹುದು. ಮೊದಲ ವರ್ಷಗಳಲ್ಲಿ ಇದರ ಜೊತೆಗೆ ಜಾಮೀನಿನಂಥ ಇನ್ನೊಂದು ಏರ್ಪಾಡಿತ್ತು: ಮೂವರು ನಿಮ್ಮ ಪರವಾಗಿ ನಿಂತ ಮೇಲಷ್ಟೇ ನೀವು ಇನ್ನೊಬ್ಬರ ಪರವಾಗಿ ನಿಲ್ಲಬಹುದಿತ್ತು. ಹಳ್ಳಿಯಲ್ಲಿ ಹೊಸಬನೊಬ್ಬ ಬಂದರೆ 'ಯಾರ ಪೈಕಿ?' ಎಂದು ಕೇಳುತ್ತೇವಲ್ಲ, ಅದೇ ಪ್ರಶ್ನೆಗೆ ಜಾತಿ, ಕುಲ, ಊರುಗಳ ಹಂಗಿಲ್ಲದ ಉತ್ತರ ಸಿಗತೊಡಗಿತು. ಜಮೆಯ ಬದಿಯಲ್ಲಿ ಬರೆಯಬೇಕಾದ ಮೊದಲ ಸಾಲು ಇದು.

ಎರಡನೆಯ ಸಾಲು ನಮ್ಮ ಮನೆಗಳೊಳಗಿನದು. ಬೆಂಗಳೂರು, ಮೈಸೂರುಗಳಲ್ಲಿ ಹೀಗೆ ಬಾಗಿಲು ತೆರೆದವರಲ್ಲಿ ಬಾಡಿಗೆ ಮನೆಯ ಯುವಕ ಯುವತಿಯರು ಕಾಣಿಸಿಕೊಂಡಂತೆ ಅಪ್ಪ ಅಮ್ಮನ ಜೊತೆಗಿದ್ದವರೂ ಕಾಣಿಸಿಕೊಂಡರು. ಮೊದಲ ಅತಿಥಿಗೆ ಮುಖ ಗಂಟುಹಾಕಿದ ಹಿರಿಯರು ನಾಲ್ಕನೆಯವರ ಹೊತ್ತಿಗೆ ಚಪಾತಿ ಲಟ್ಟಿಸಲು ಕಲಿಸುತ್ತಿದ್ದ ಉದಾಹರಣೆಗಳಿವೆ. ಹಂಪಿ, ಗೋಕರ್ಣಗಳನ್ನು ನೋಡಿ ಮುಗಿಸುವ ಪ್ರವಾಸಿಗೆ ತರಕಾರಿ ಮಾರುಕಟ್ಟೆ, ನಲ್ಲಿ ನೀರು ಬರುವ ಹೊತ್ತು, ಪಕ್ಕದ ಮನೆಯ ಗೃಹಪ್ರವೇಶ ಕಂಡದ್ದು ಇಂಥ ಮನೆಗಳಿಂದ.

ಇನ್ನು ಖರ್ಚಿನ ಬದಿ. 2006ರ ಜೂನ್‌ನಲ್ಲಿ ಕೌಚ್‌ಸರ್ಫಿಂಗ್‌ನ ದತ್ತಾಂಶ ಕುಸಿದುಬಿತ್ತು. ಎಲ್ಲ ಮುಗಿಯಿತು ಎಂದು ಫೆಂಟನ್ ಘೋಷಿಸಿಯೂ ಆಗಿತ್ತು. ಮಾಂಟ್ರಿಯಲ್‌ನಲ್ಲಿ ಸೇರಿದ್ದ ಸ್ವಯಂಸೇವಕರು ಸಂಬಳವಿಲ್ಲದೆ ಕೂತು ಅದನ್ನು ಮತ್ತೆ ನಿಲ್ಲಿಸಿದರು. ಆಗ ಅದು ಲಾಭರಹಿತ ಸಂಸ್ಥೆ, ಹಾಗಾಗಿ ಅದು ತಮ್ಮದೇ ಕೆಲಸ ಎಂದು ಅವರಿಗನಿಸಿದ್ದು ಸಹಜ. ಅಮೆರಿಕದ ತೆರಿಗೆ ಇಲಾಖೆ ಧರ್ಮಾರ್ಥ ಸಂಸ್ಥೆಯ ಮಾನ್ಯತೆ ಕೊಡಲು ಒಪ್ಪಲಿಲ್ಲ. 2011ರಲ್ಲಿ ಕೌಚ್‌ಸರ್ಫಿಂಗ್ ಲಾಭದ ಕಂಪನಿಯಾಗಿ ಬದಲಾಗಿ 76 ಲಕ್ಷ ಡಾಲರ್ ಹೂಡಿಕೆ ಪಡೆಯಿತು. ಮರುವರ್ಷ ಇನ್ನೂ ಒಂದೂವರೆ ಕೋಟಿ ಡಾಲರ್ ಬಂತು. ಸದಸ್ಯರ ಸಂಖ್ಯೆ ಏರಿದಂತೆ ಹಳಬರು ಕಟ್ಟಿದ್ದ ಸ್ಥಳೀಯ ಗುಂಪುಗಳು ಸೊರಗಿದವು. ಅದೇ ಹೊತ್ತಿಗೆ 2008ರಲ್ಲಿ ಶುರುವಾದ ಏರ್‌ಬಿಎನ್‌ಬಿ, ಖಾಲಿ ಕೋಣೆಗೂ ಬೆಲೆಯಿದೆ ಎಂದು ಜಗತ್ತಿಗೇ ಪಾಠ ಹೇಳುತ್ತಿತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೋಮ್‌ಸ್ಟೇಗಳು ಬೆಳೆದದ್ದನ್ನು ಕಂಡ ನಮಗೆ ಆ ಪಾಠ ಬಿಡಿಸಿ ಹೇಳಬೇಕಾಗಿಲ್ಲ. ಕೋಣೆಗೆ ಬಾಡಿಗೆ ಕೇಳುವುದು ತಪ್ಪಲ್ಲ. ಉಚಿತವಾಗಿ ಕೊಟ್ಟವರ ಮಾತುಗಳನ್ನು ಮೂರನೆಯವನು ಬೀಗ ಹಾಕಿ ಕಾಸು ಕೇಳುವುದು ಬೇರೆ ಸಂಗತಿ.

2020ರ ಮೇ ತಿಂಗಳಲ್ಲಿ ಆದದ್ದು ಅದೇ. ಕೋವಿಡ್‌ನಿಂದ ಪ್ರಯಾಣ ನಿಂತು ಆದಾಯ ಕುಸಿದಾಗ, ಕೌಚ್‌ಸರ್ಫಿಂಗ್ ಹಲವು ದೇಶಗಳಲ್ಲಿ ಚಂದಾ ಕಡ್ಡಾಯ ಮಾಡಿತು. ಮೊತ್ತ ದೊಡ್ಡದಲ್ಲ, ಅಮೆರಿಕದಲ್ಲಿ ತಿಂಗಳಿಗೆ ಎರಡೂವರೆ ಡಾಲರಿನೊಳಗೆ. ಆದರೆ ಕಟ್ಟದವರಿಗೆ ತಾವೇ ಬರೆದ ಪತ್ರಗಳೂ ತಮ್ಮ ಹೆಸರಿನ ರೆಫರೆನ್ಸ್‌ಗಳೂ ಕೈಗೆ ಸಿಗದಾದವು. ವರ್ಷಾನುಗಟ್ಟಲೆ ಯಾರಿಗೋ ಹಾಸಿಗೆ ಹಾಸಿ ಗಳಿಸಿದ ಒಳ್ಳೆಯ ಹೆಸರು ಒತ್ತೆಯಾಗಿತ್ತು. ಉಂಡೂ ಹೋದ ಕೊಂಡೂ ಹೋದ ಎಂಬ ಮಾತನ್ನು ನಾವು ಅತಿಥಿಗೆ ಹೇಳುತ್ತೇವೆ. ಇಲ್ಲಿ ಅದು ಒಪ್ಪುವುದು ಮಧ್ಯವರ್ತಿಗೆ. ಸರ್ವರ್‌ಗೆ, ನೌಕರರಿಗೆ ಖರ್ಚಿದೆ ಎಂಬ ಕಂಪನಿಯ ವಾದ ಸುಳ್ಳಲ್ಲ. ಆ ಖರ್ಚನ್ನು ಯಾರು, ಹೇಗೆ ಹೊರಬೇಕು ಎಂದು ಸದಸ್ಯರ ಜೊತೆ ಕೂತು ತೀರ್ಮಾನಿಸುವ ದಾರಿಯನ್ನು 2011ರಲ್ಲೇ ಮುಚ್ಚಿಕೊಂಡದ್ದು ನಿಜವಾದ ನಷ್ಟ.

ಇನ್ನೊಂದು ನಷ್ಟ ಹಣದ್ದಲ್ಲ. ಇಟಲಿಯ ಪಡುವಾದಲ್ಲಿ ಈ ಜಾಲದ ಮೂಲಕ ಯುವತಿಯರನ್ನು ಮನೆಗೆ ಬರಮಾಡಿಕೊಳ್ಳುತ್ತಿದ್ದ ಪೊಲೀಸನೊಬ್ಬನಿಗೆ 2015ರಲ್ಲಿ ಅತ್ಯಾಚಾರಕ್ಕಾಗಿ ಜೈಲಾಯಿತು. ರೆಫರೆನ್ಸ್ ಪದ್ಧತಿಯ ದೌರ್ಬಲ್ಯ ಇಲ್ಲಿದೆ. ಉಂಡ ಮನೆಯ ಬಗ್ಗೆ ಕೆಟ್ಟದ್ದು ಬರೆಯಲು ದಾಕ್ಷಿಣ್ಯ ಅಡ್ಡಬರುತ್ತದೆ. ಬರೆದರೆ ಅವರೂ ತಿರುಗಿ ಬರೆದಾರೆಂಬ ಅಳುಕು ಬೇರೆ. ಇಬ್ಬರೂ ಬರೆದ ಮೇಲೆ ಅಥವಾ ಗಡುವು ಮುಗಿದ ಮೇಲೆ ಮಾತ್ರ ಎರಡನ್ನೂ ಪ್ರಕಟಿಸುವ ಕ್ರಮ ತಡವಾಗಿ ಬಂತು. ಒಂಟಿಯಾಗಿ ತಿರುಗುವ ಹೆಣ್ಣುಮಕ್ಕಳು ಅದಕ್ಕೆ ಕಾಯಲಿಲ್ಲ. ಹೆಣ್ಣು ಅತಿಥಿಗಳು ಬರೆದದ್ದನ್ನೇ ಆರಿಸಿ ಓದುವುದು, ಮೊದಲ ಭೇಟಿ ಹೊರಗೆ ಇಟ್ಟುಕೊಳ್ಳುವುದು, ಎದ್ದುಹೋಗಲು ಇನ್ನೊಂದು ಜಾಗ ಗೊತ್ತುಮಾಡಿಕೊಂಡಿರುವುದು ಇತ್ಯಾದಿ ನಿಯಮಗಳನ್ನು ತಾವೇ ಕಟ್ಟಿಕೊಂಡರು.

ಈ ಕೊಡುಕೊಳ್ಳುವಿಕೆ ಸಮಾನರ ನಡುವೆ ನಡೆಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ನಮ್ಮಲ್ಲಿ ವಿದೇಶಿಯನ್ನು ಉಳಿಸಿಕೊಂಡರೆ, ಅದು ಹೋಟೆಲಾಗಲಿ ಸಾಮಾನ್ಯ ಮನೆಯಾಗಲಿ, 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. 'ಫಾರ್ಮ್ ಸಿ' ಎಂದು ರೂಢಿಯಾದ ವಿವರ ಇದಕ್ಕೇ. ಎಷ್ಟೋ ಆತಿಥೇಯರಿಗೆ ಇದು ಗೊತ್ತೇ ಇಲ್ಲ. ಆಚೆ ಕಡೆ ನೋಡಿದರೆ, ಫ್ರಾನ್ಸಿನ ಗೆಳೆಯರ ಮನೆಯಲ್ಲಿ ಉಳಿಯುತ್ತೇನೆಂದು ವೀಸಾ ಅರ್ಜಿಯಲ್ಲಿ ಬರೆಯುವ ಭಾರತೀಯನಿಗಾಗಿ, ಆ ಗೆಳೆಯರು ನಗರಸಭೆಗೆ ಹೋಗಿ ಮೂವತ್ತು ಯೂರೋ ಕಟ್ಟಿ ಆತಿಥ್ಯದ ಪ್ರಮಾಣಪತ್ರ ತರಬೇಕು. ಯೂರೋಪಿನ ಹುಡುಗ ಬೆನ್ನಿಗೆ ಚೀಲ ಹಾಕಿಕೊಂಡು ಮೈಸೂರಿಗೆ ಬಂದಷ್ಟು ಸಲೀಸಾಗಿ ಮೈಸೂರಿನ ಹುಡುಗಿ ಲಿಯೋನ್‌ಗೆ ಹೋಗಲಾರಳು. ಹಾಗಿದ್ದೂ ಕೊಡುತ್ತ ಬಂದ ನಮ್ಮವರ ಔದಾರ್ಯವನ್ನು ಜಮೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು.

ಉಳಿದದ್ದೇನು? ಹಾಸ್ಪಿಟಾಲಿಟಿ ಕ್ಲಬ್ ಬಿಟ್ಟುಬಂದ ಸ್ವಯಂಸೇವಕರು 2007ರಲ್ಲಿ ತೆರೆದ ಬಿವೆಲ್ಕಮ್, 2014ರ ಟ್ರಸ್ಟ್‌ರೂಟ್ಸ್, ಚಂದಾ ಗಲಾಟೆಯ ವರ್ಷ ಹುಟ್ಟಿದ ಕೌಚರ್ಸ್: ಮೂರೂ ಲಾಭರಹಿತ, ಮೂರರ ಸಾಫ್ಟ್‌ವೇರ್ ಮುಕ್ತ. ಇವುಗಳ ಬಳಗ ಚಿಕ್ಕದು. ಸಣ್ಣ ಊರುಗಳಲ್ಲಿ ಒಬ್ಬ ಆತಿಥೇಯನೂ ಸಿಗದೆ ಹೋಗಬಹುದು. ಆದರೂ ಎಪ್ಪತ್ತೈದು ದಾಟಿ ನಡೆಯುತ್ತಿರುವ ಸರ್ವಾಸ್ ಎಂದೂ ದೊಡ್ಡದಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಬೆಂಗಳೂರಿನ ಮೆಜೆಸ್ಟಿಕ್ ಬಳಿ ಗುಬ್ಬಿ ತೋಟದಪ್ಪನವರ ಛತ್ರ ಶತಮಾನ ದಾಟಿ ನಿಂತಿದೆ. ಆ ವ್ಯಾಪಾರಿ ತಾನು ಗಳಿಸಿದ್ದನ್ನು ಪ್ರಯಾಣಿಕರಿಗೆ, ವಿದ್ಯಾರ್ಥಿಗಳಿಗೆ ಎಂದು ಧರ್ಮಸಂಸ್ಥೆಗೆ ಬರೆದುಕೊಟ್ಟರು. ಮಾರಲು ಬಾರದಂತೆ ಕಟ್ಟಿದ್ದರಿಂದ ಅದು ಉಳಿಯಿತು. ಅಂತರ್ಜಾಲದ ಆತಿಥ್ಯಕ್ಕೂ ಬೇಕಾದದ್ದು ಅಂಥದೇ ಕಟ್ಟುಪಾಡು: ಸದಸ್ಯರ ಒಡೆತನ, ನಮ್ಮ ರೆಫರೆನ್ಸ್‌ಗಳನ್ನು ನಾವು ಬೇಕೆಂದಲ್ಲಿಗೆ ಒಯ್ಯುವ ಹಕ್ಕು, ಖರ್ಚಿನ ಲೆಕ್ಕ ಎಲ್ಲರ ಕಣ್ಣಿಗೆ ಬೀಳುವ ವ್ಯವಸ್ಥೆ. ಇವು ಮೂರಿದ್ದರೆ ವರ್ಷಕ್ಕೆ ನೂರೋ ಇನ್ನೂರೋ ರೂಪಾಯಿ ಕಟ್ಟಲು ಯಾರೂ ಗೊಣಗುವುದಿಲ್ಲ. ಹೊಸ ಕೂಟ ಸೇರುವವರು ಎಷ್ಟು ಊರಲ್ಲಿ ಹಾಸಿಗೆ ಸಿಗುತ್ತದೆ ಎಂದು ಕೇಳುವ ಮೊದಲು, ಇದನ್ನು ನಾಳೆ ಯಾರಾದರೂ ಮಾರಬಹುದೇ ಎಂದು ಕೇಳಲಿ.