ತಿಳಿಸಿದಷ್ಟೇ ಸ್ವಾಮ್ಯ

ಪೇಟೆಂಟ್ ಎಂಬುದು ರಾಜ್ಯಕ್ಕೂ ಆವಿಷ್ಕಾರಕನಿಗೂ ನಡುವಣ ಒಂದು ಒಡಂಬಡಿಕೆ. ಆತನು ತನ್ನ ರಹಸ್ಯವನ್ನು ಲೋಕಕ್ಕೆ ತೆರೆದಿಡತಕ್ಕದ್ದು. ರಾಜ್ಯವು ನಿಯತಕಾಲದವರೆಗೆ ಆತನಿಗೆ ಏಕಸ್ವಾಮ್ಯವನ್ನು ಕೊಡತಕ್ಕದ್ದು. ಭಾರತದ 1970ರ ಪೇಟೆಂಟ್ ಅಧಿನಿಯಮವೂ ಆವಿಷ್ಕಾರವನ್ನೂ ಅದರ ಪ್ರಯೋಗವಿಧಾನವನ್ನೂ ಪೂರ್ಣವಾಗಿ ವರ್ಣಿಸಬೇಕೆಂದು ವಿಧಿಸಿದೆ. ಆದರೆ ಎಷ್ಟು ತಿಳಿಸಿದರೆ ಪೂರ್ಣವಾದೀತು?

ಇದಕ್ಕೆ ಎಲ್ಲ ಶಾಸ್ತ್ರಗಳಿಗೂ ಒಂದೇ ಅಳತೆಗೋಲು ಸಲ್ಲದು. ಯಂತ್ರಶಾಸ್ತ್ರದಲ್ಲಿ ಒಂದು ಮಾದರಿಯನ್ನು ಚೆನ್ನಾಗಿ ವಿವರಿಸಿದರೆ, ನುರಿತ ಕುಶಲಿಯು ಸಿದ್ಧನಿಯಮಗಳ ಬಲದಿಂದ ಅದರ ಹತ್ತು ರೂಪಭೇದಗಳನ್ನು ತಾನೇ ರಚಿಸಬಲ್ಲನು. ರಸಾಯನ, ಜೀವಶಾಸ್ತ್ರಗಳ ಗತಿ ಬೇರೆ. ಅಲ್ಲಿ ಅಣುರಚನೆಯು ಕಿಂಚಿತ್ ಬದಲಾದರೂ ಫಲವು ತಲೆಕೆಳಗಾಗಬಹುದು. ಆದುದರಿಂದ ಫಲವನ್ನು ಮುಂಗಾಣುವುದು ಕಷ್ಟವಾದಷ್ಟೂ ವಿವರಣೆಯು ವಿಸ್ತಾರವಾಗಬೇಕು. ಇಲ್ಲವಾದರೆ ಹಕ್ಕು ಸಂಕುಚಿತವಾಗಬೇಕು. 1970ರಲ್ಲಿ ಅಮೆರಿಕದ ಪೇಟೆಂಟ್ ಮೇಲ್ಮನವಿ ನ್ಯಾಯಾಲಯವು ಫಿಷರ್ ಪ್ರಕರಣದಲ್ಲಿ ಸಾರಿದ ತತ್ತ್ವವೂ ಇದೇ.

ಈ ವಿಚಾರದ ಬೇರು ಇನ್ನೂ ಹಳೆಯದು. ಸಾಯರ್ ಮತ್ತು ಮ್ಯಾನ್ ಎಂಬವರು ವಿದ್ಯುದ್ದೀಪದ ತಂತುವನ್ನು ಸುಟ್ಟ ಕಾಗದದಿಂದ ಮಾಡಿ, ಸಮಸ್ತ ನಾರುಪದಾರ್ಥಗಳ ಮೇಲೂ ಹಕ್ಕನ್ನು ಕೋರಿದ್ದರು. ಇತ್ತ ಎಡಿಸನ್ನನು ಸಾವಿರಾರು ಸಸ್ಯಗಳನ್ನು ಪರೀಕ್ಷಿಸಿದಾಗ, ಬಿದಿರಿನಂಥ ಕೆಲವೇ ಪದಾರ್ಥಗಳು ಒದಗಿಬಂದುವು. ಎಲ್ಲ ನಾರುಗಳಿಗೂ ಸಾಧಾರಣವಾದ ಯಾವ ಗುಣವನ್ನೂ ಅವರು ತೋರಿಸಿಕೊಟ್ಟಿರಲಿಲ್ಲವಾದ ಕಾರಣ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1895ರಲ್ಲಿ ಆ ಹಕ್ಕನ್ನು ತಳ್ಳಿಹಾಕಿತು. 2023ರಲ್ಲಿ ಅದೇ ನ್ಯಾಯಾಲಯದ ಮುಂದೆ ಆಮ್ಜೆನ್ ಸಂಸ್ಥೆಯ ಮೊಕದ್ದಮೆ ಬಂದಿತು. ಕೊಲೆಸ್ಟರಾಲನ್ನು ತಗ್ಗಿಸುವ 26 ಪ್ರತಿಕಾಯಗಳ ರಚನೆಯನ್ನು ಅದು ತಿಳಿಸಿತ್ತು; ಆದರೆ ಅದೇ ಕಾರ್ಯವನ್ನು ಮಾಡುವ ಅಸಂಖ್ಯ ಪ್ರತಿಕಾಯಗಳನ್ನೆಲ್ಲ ತನ್ನದೆಂದಿತ್ತು. ಉಳಿದವುಗಳನ್ನು ಪಡೆಯಲು ಅದು ಹೇಳಿದ ಮಾರ್ಗವು ಮಾಡಿನೋಡಿ ಅರಿಯುವುದೇ ಆಗಿತ್ತು. ನ್ಯಾಯಾಲಯವು ಇದನ್ನು ಒಮ್ಮತದಿಂದ ನಿರಾಕರಿಸಿತು.

ಇಷ್ಟು ಕಟ್ಟುನಿಟ್ಟಾದರೆ ಔಷಧಸಂಶೋಧನೆಗೆ ಹಣ ಹೂಡುವವರು ಹಿಂಜರಿದಾರು, ಕಿಂಚಿತ್ ಬದಲಾವಣೆಯಿಂದ ಪರರು ಫಲವನ್ನು ಅಪಹರಿಸಿಯಾರು ಎಂಬ ಆಕ್ಷೇಪವುಂಟು. ಅದು ಹುರುಳಿಲ್ಲದ ಮಾತಲ್ಲ. ಅಲ್ಪಸ್ವಲ್ಪ ಪರೀಕ್ಷೆಯನ್ನು ಓದುಗನಿಗೆ ಬಿಡುವುದಕ್ಕೆ ನ್ಯಾಯಾಲಯವೂ ಅಡ್ಡಿಮಾಡಿಲ್ಲ. ಆದರೆ ಕಾಣದ ಔಷಧಕ್ಕೂ ಬೇಲಿಹಾಕಿದರೆ, ನಾಳೆ ಅದಕ್ಕಿಂತ ಉತ್ತಮವಾದುದನ್ನು ಅರಸುವವನ ದಾರಿ ಮುಚ್ಚುವುದು, ರೋಗಿಗೂ ನಷ್ಟವಾಗುವುದು. ಹುಡುಕುವ ಶ್ರಮವನ್ನೆಲ್ಲ ಪರರಿಗೆ ಬಿಟ್ಟು, ಅದರ ಫಲವನ್ನು ಮಾತ್ರ ತನಗೆ ಕಾದಿರಿಸಿಕೊಳ್ಳುವುದು ಒಡಂಬಡಿಕೆಯ ಧರ್ಮಕ್ಕೆ ಒಪ್ಪುವುದಿಲ್ಲ. ಲೋಕಕ್ಕೆ ಎಷ್ಟನ್ನು ಕಲಿಸಿದನೋ ಅಷ್ಟಕ್ಕೆ ಆವಿಷ್ಕಾರಕನು ಒಡೆಯನಾಗಲಿ. ನ್ಯಾಯವು ಅದಕ್ಕಿಂತ ಹೆಚ್ಚನ್ನು ಕೊಡಬೇಕಾಗಿಲ್ಲ.