ಮೂಲೆಯಲ್ಲಿ 5ಜಿ, ಮಾತು ಮಾತ್ರ ಹೋಗೋದಿಲ್ಲ!

ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಡಿಯವರ ಗೋಳು ಕೇಳಿ ಸ್ವಾಮಿ. ಗಿರಾಕಿ ಅಕ್ಕಿ ಕಟ್ಟಿಸಿಕೊಂಡು ಫೋನ್ ತೆಗೆಯುತ್ತಾನೆ. ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಹಣ ಬಂತೋ, ನಡುದಾರಿಯಲ್ಲಿ ನಿಂತಿತೋ ಹೇಳುವವರಿಲ್ಲ. ಮೂಲೆಯಲ್ಲಿ ಮಾತ್ರ 5ಜಿ ಅಂತ ಠೀವಿ!

ಸಂಗತಿ ಇಷ್ಟೇ. 2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ 5ಜಿ ಹೆಚ್ಚಾಗಿ ಓಡುವುದು 3500 ಮೆಗಾಹರ್ಟ್ಸ್ ಆಸುಪಾಸಿನ ತರಂಗದ ಮೇಲೆ. ವೇಗ ಜಾಸ್ತಿ, ದೂರ ಕಡಿಮೆ. ಗುಡ್ಡ, ಗೋಡೆ, ದಟ್ಟ ಮರ ಅಡ್ಡ ಬಂದರೆ ಸುಸ್ತು. 4ಜಿಯ 850, 900ರ ತರಂಗ ಇದಕ್ಕಿಂತ ದೂರ ಹೋಗುತ್ತೆ. ಆದರೆ 'ಆಟೋ'ದಲ್ಲಿಟ್ಟ ಫೋನು ಕ್ಷೀಣ 5ಜಿಗೇ ಜೋತುಬಿದ್ದು, ಅತ್ತಿಂದಿತ್ತ ಜಿಗಿದು ಬ್ಯಾಟರಿಯನ್ನೂ ತಿಂದುಹಾಕುತ್ತೆ.

ಸೆಟ್ಟಿಂಗ್ಸ್‌ನಲ್ಲಿ ಸಿಮ್ ಒತ್ತಿ, 'ಪ್ರಿಫರ್ಡ್ ನೆಟ್‌ವರ್ಕ್ ಟೈಪ್' ಎಂಬಲ್ಲಿ 4ಜಿ ಅಥವಾ ಎಲ್‌ಟಿಇ ಆರಿಸಿ. ಎಷ್ಟೋ ಕಡೆ ಇಷ್ಟಕ್ಕೇ ಕೆಲಸ ಆಗುತ್ತೆ. 3ಜಿಗೆ ಇಳಿಸಬೇಡಿ. ಏರ್‌ಟೆಲ್ ಅದನ್ನು 2020ರಲ್ಲೇ ಮುಚ್ಚಿತು. ಜಿಯೋಗೆ ಅದು ಹುಟ್ಟಿನಿಂದಲೇ ಇಲ್ಲ. ಅಂಗಡಿಯಲ್ಲಿ ವೈಫೈ ಇದ್ದರೆ 'ವೈಫೈ ಕಾಲಿಂಗ್' ಆನ್ ಮಾಡಿ. ಬಸ್ಸಿನವರು, ಘಾಟಿ ಇಳಿದ ಮೇಲೂ ಟವರ್ ಸಿಗದಿದ್ದರೆ ಏರೋಪ್ಲೇನ್ ಗುಂಡಿ ಒತ್ತಿ, ಹತ್ತು ಸೆಕೆಂಡು ಬಿಟ್ಟು ತೆಗೆಯಿರಿ; ಫೋನು ಹೊಸದಾಗಿ ಹುಡುಕುತ್ತೆ.

ಟವರೇ ಇಲ್ಲದ ಊರಿಗೆ ಯಾವ ಸೆಟ್ಟಿಂಗೂ ಮದ್ದಲ್ಲ. 'ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ' ಅಂತ ಮಲೆನಾಡಿನ ಹಳ್ಳಿಯವರು ಬೋರ್ಡು ಕಟ್ಟಿದ್ದು ಸುಮ್ಮನೆ ಅಲ್ಲ. ಅಪಘಾತ, ಹಾವು ಕಡಿತದಂಥ ಹೊತ್ತಿನಲ್ಲಿ ನಿಮ್ಮ ಕಂಪೆನಿ ಕೈಕೊಟ್ಟರೂ 112 ಒತ್ತಿ. ಬೇರೆ ಕಂಪೆನಿಯ ಟವರ್ ಸಿಗುವಂತಿದ್ದರೆ ಸಾಮಾನ್ಯವಾಗಿ ಕರೆ ಅದರ ಮೇಲೇ ಹೋಗುತ್ತೆ.